ಘೋಟಿಯ ಬೇರಿನ ಮಾಲೆ

ಸೊಸೆಗೆ ಗಂಟಲು ಬಾವು. ನಿನ್ನೆ ಅವಳು ಔಷಧದ ಡಬ್ಬಿ ತೆರೆದಾಗ ಕ್ಯಾಪ್ಸೂಲಿನ ಕಮಟು ವಾಸನೆ ನನಗೂ ಬಡಿಯಿತು. ನಾಸಿಕ್ ಊರಲ್ಲಿ ನಾವಿದ್ದ ವಠಾರದಲ್ಲಿ, ಪಕ್ಕದ ಖೋಲಿಯ ಅಕ್ಕನ ಅಂಗೈಯಲ್ಲಿ ಇದೇ ವಾಸನೆ ಇತ್ತು... ಐವತ್ತು ವರ್ಷದ ಮೇಲಾಯಿತು.

ಅಕ್ಕ ಬೀದರಿನ ಕಡೆಯವಳು. ಜೋಳದ ರೊಟ್ಟಿ ಬಡಿದು, ನಮ್ಮ ಕಡೆಯಿಂದ ದುಡಿಯಲು ಬಂದಿದ್ದ ಒಂಟಿ ಗಂಡಸರಿಗೆ ಮಾರುತ್ತಿದ್ದಳು. ಮದುವೆಯಾಗಿ ಹೊಸದಾಗಿ ಬಂದ ನನ್ನ ರೊಟ್ಟಿ ಹರಿದಾಗ, "ರೊಟ್ಟಿ ಬಡೀಲತ್ತೀ ಏನ್ ನಕಾಶಾ ತೆಗೀಲತ್ತೀ?" ಎಂದು ವಠಾರಕ್ಕೆಲ್ಲ ಕೇಳುವಂತೆ ನಕ್ಕಿದ್ದಳು.

ಒಂದು ಚಳಿಗಾಲ ಅವಳ ಗಂಟಲು ಬಾತಿತು. ಡಾಕ್ಟರು ಕ್ಯಾಪ್ಸೂಲ್ ಕೊಟ್ಟರು, ವಾಸಿಯಾಯಿತು. ಆಮೇಲೆ ಕಣ್ಣು ಹಳದಿಯಾದವು. ರೊಟ್ಟಿ ವಾಸನೆಗೇ ವಾಂತಿ. ಕಾಮಾಲೆ ಎಂದು ಹತ್ತಿರದ ಘೋಟಿ ಊರಿನ ಮುದುಕಿಯಿಂದ ಬೇರಿನ ಮಾಲೆ ತಂದು ತಲೆಗೆ ಹಾಕಿದರು. ಬೇರು ಒಣಗಿ, ಮಾಲೆ ಸಡಿಲಾಗಿ ಎದೆಗೆ ಇಳಿದರೆ ರೋಗವೂ ಇಳಿಯಿತೆಂದು ನಂಬಿಕೆ. ಇಳಿಯಿತು. ಕಣ್ಣೂ ತಿಳಿಯಾದವು. ಕ್ಯಾಪ್ಸೂಲ್ ಆಗಲೇ ಮುಗಿದಿತ್ತು, ಅದನ್ನು ಯಾರೂ ನೆನೆಯಲಿಲ್ಲ.

ಮರುವರ್ಷ ಮತ್ತೆ ಗಂಟಲು. "ಹ್ವಾದ್ ಸಲ ಕೊಟ್ಟಿದ್ದೇ ಕೊಡ್ರಿ ಡಾಕ್ಟರ್, ಲಗೂ ಆರಾಮ ಆಗಿತ್ತು" ಎಂದು ಅವಳೇ ಕೇಳಿದಳು. ಕಾಮಾಲೆಯ ಸುದ್ದಿ ಎತ್ತಲಿಲ್ಲ. ಅದನ್ನು ವಾಸಿ ಮಾಡಿದ್ದು ಘೋಟಿಯ ಮಾಲೆ, ಡಾಕ್ಟರಿಗೇಕೆ ಹೇಳಬೇಕು?

ಈ ಸಲ ಕ್ಯಾಪ್ಸೂಲ್ ಮುಗಿಯುವ ಮೊದಲೇ ಮೈ ಅರಿಶಿನವಾಯಿತು. ನಡುವೆ ಬಿಡಬಾರದು ಎಂದು ಡಾಕ್ಟರು ಹೇಳಿದ್ದರಲ್ಲ, ನುಂಗುತ್ತಲೇ ಇದ್ದಳು. ತಲೆಗೆ ಮತ್ತೆ ಮಾಲೆ ಬಂತು.

"ಹಂಗ್ಯಾಕ ನೋಡ್ತಿ? ಬಾಸಿಂಗ ಕಟ್ಕೊಂಡೀನಿ, ಅಕ್ಕಿಕಾಳು ಹಾಕು" ಎಂದಳು.

ಎರಡು ದಿನಕ್ಕೆ ಗುರುತು ತಪ್ಪಿ ನನ್ನನ್ನೇ ಅವ್ವಾ ಎಂದು ಕರೆಯತೊಡಗಿದಳು. ದೊಡ್ಡಾಸ್ಪತ್ರೆಗೆ ಒಯ್ದರು. ಅಲ್ಲಿನ ಡಾಕ್ಟರು ಹೋದ ವರ್ಷದ್ದನ್ನೂ ಕೆದಕಿ ಕೇಳಿದರು. ಅಕ್ಕನ ಗಂಡ ಜೇಬಿನಿಂದ ಕ್ಯಾಪ್ಸೂಲ್ ತೆಗೆದು ತೋರಿಸಿದ. ಔಷಧ ಕೆಟ್ಟದ್ದಲ್ಲ, ಊರೆಲ್ಲ ತಿನ್ನುತ್ತದೆ, ಎಲ್ಲೋ ಒಬ್ಬರ ಪಿತ್ತಜನಕಾಂಗಕ್ಕೆ ಅದು ವಿಷ, ಎರಡನೇ ಸಲ ಮುಟ್ಟಲೇಬಾರದಿತ್ತು ಎಂದರಂತೆ.

ಅಕ್ಕ ಉಳಿಯಲಿಲ್ಲ. ಮಾಲೆ ತಲೆಯಿಂದ ಕೆಳಗಿಳಿದಿರಲಿಲ್ಲ. ಕೊನೆಯ ಸ್ನಾನಕ್ಕೆ ನಾನೇ ಅದನ್ನು ತೆಗೆದೆ.

ಇಷ್ಟೂ ಹೇಳಿದೆ. ಸೊಸೆ, "ಅತ್ತೀ, ನಾ ಇದನ್ನ ಮೊದಲೂ ತಗೊಂಡೀನ್ರಿ, ಏನೂ ಆಗಿಲ್ಲ" ಎಂದಳು. ಆದರೂ ಇವತ್ತು ಬೆಳಗ್ಗೆ ಬಾಗಿಲ ಬೆಳಕಿಗೆ ನಿಲ್ಲಿಸಿ ಅವಳ ಕಣ್ಣು ನೋಡಿದೆ. ಬೆಳ್ಳಗಿದ್ದವು.

ಒಲೆ ಹಚ್ಚಿದೆ. ಬಡಿಯುವಾಗ ರೊಟ್ಟಿ ಹರಿಯಿತು. ಯಾರೂ ನಗಲಿಲ್ಲ.