ಕಣ್ಣಿಗೆ ಕಾಣದ ರಕ್ತ

ಎಂಬತ್ತರ ದಶಕದ ಆರಂಭದಲ್ಲಿ ನಾನು ಮಧುಗಿರಿಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ನನ್ನನ್ನು ಎತ್ತಿ ಆಡಿಸಿದ ದೊಡ್ಡಕ್ಕನನ್ನು ಮಿಡಿಗೇಶಿಗೆ ಕೊಟ್ಟಿತ್ತು. ಹೊಲ, ಕುರಿ, ತುಂಬಿದ ಮನೆ, ಯಾವುದಕ್ಕೂ ಕೊರತೆಯಿರಲಿಲ್ಲ. ಒಂದು ಬೇಸಿಗೆಯಲ್ಲಿ ನನ್ನ ಮನೆಗೆ ಬಂದವಳು ಬಸ್ ಸ್ಟ್ಯಾಂಡಿನಿಂದ ಬರುವಷ್ಟರಲ್ಲಿ ಕೂತು ಕೂತು ಸುಧಾರಿಸಿಕೊಂಡಳು. ತುಟಿ ಬಿಳಿಚಿತ್ತು. ಬೇಡವೆಂದರೂ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ತೀರಾ ಕಡಿಮೆಯಿದೆ ಎಂದರು. ಮುಟ್ಟು ನಿಂತು ವರ್ಷಗಳಾಗಿವೆ ಎಂದು ತಿಳಿದ ಮೇಲೆ, "ಹಾಗಾದ್ರೆ ರಕ್ತ ಒಳಗೆಲ್ಲೋ ಸೋರ್ತಿರಬೇಕು. ಮಲ ಪರೀಕ್ಷೆ ಮಾಡೋಣ. ಅದಕ್ಕೆ ಮುಂಚೆ ಕೆಲವು ದಿನ ಬಾಡು ತಿನ್ನಬೇಡಿ," ಎಂದರು.

ಹೊರಗೆ ಬಂದ ಅಕ್ಕ, "ಲೇ, ಅದನ್ನ ಸೀಸೇಲಿ ಹಾಕಿ ಇನ್ನೊಬ್ರ ಕೈಗೆ ಕೊಡೋದಾ? ಮಾನ ಹೋಗ್ತದೆ ಕಣೇ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆದರೂ ಕೊಟ್ಟಳು.

ಬರಿಗಣ್ಣಿಗೆ ಕಾಣದಿದ್ದರೂ ರಕ್ತ ಇದೆ ಎಂದೇ ಪರೀಕ್ಷೆಯಲ್ಲಿ ಬಂತು. "ಕರುಳಲ್ಲಿ ಗಂಟಿರಬಹುದು. ಬೆಂಗಳೂರಿನಲ್ಲಿ ಕೊಳವೆ ಹಾಕಿ ನೋಡ್ತಾರೆ. ಕೆಟ್ಟ ಗಂಟೇ ಆಗಿದ್ರೂ ಈಗಲೇ ಸಿಕ್ಕಿದ್ರೆ ತೆಗೆದುಬಿಡಬಹುದು," ಎಂದು ಡಾಕ್ಟರು ಬಿಡಿಸಿ ಹೇಳಿದರು.

ನಾನೇ ಮಿಡಿಗೇಶಿಗೆ ಹೋಗಿ ಭಾವನಿಗೆ ತಿಳಿಸಿದೆ.

"ಕೊಳವೆ ಎಲ್ಲಿಂದ ಹಾಕ್ತಾರೆ?" ಎಂದ. ಹೇಳಿದೆ. ಜಗಲಿಯ ಮೇಲಿದ್ದ ಗಂಡಸರು ಮುಖ ತಿರುಗಿಸಿ ನಕ್ಕರು. ಭಾವ ನಗಲಿಲ್ಲ.

"ನನ್ನ ಹೆಂಡ್ರು ಗಂಡಸು ಡಾಕ್ಟ್ರ ಮುಂದೆ ಅಂಗೆ ಮಲಗಬೇಕಾ? ನೀನು ನಾಕಕ್ಷರ ಕಲ್ತಿದ್ದೀಯ, ನಾಚ್ಕೆ ಬುಟ್ಟಿದ್ದೀಯ. ನಮಗಿನ್ನೂ ಐತೆ ಕಣಮ್ಮ. ಮೂಲವ್ಯಾಧಿ ಇರ್ಬೇಕು, ನಾಟಿ ಔಷ್ದಿ ಕೊಡುಸ್ತೀನಿ."

ಅಕ್ಕ ಬಾಗಿಲ ಹಿಂದೆಯೇ ಇದ್ದಳು. "ನೀನಾದ್ರೂ ಬಾಯಿ ಬಿಡೇ," ಎಂದೆ.

"ಅವರು ಹೇಳ್ದಂಗೇ ಆಗ್ಲಿ ಬುಡು. ನನ್ನಿಂದ ನಿಮ್ಮಿಬ್ರಿಗೂ ಯಾಕೆ ನಿಷ್ಠೂರ?"

ಎರಡು ವರ್ಷ ನಾಟಿ ಔಷಧಿ ಕುಡಿದಳು. ಆಮೇಲೆ ಹೊಟ್ಟೆ ಉಬ್ಬಿತು, ತಿಂದದ್ದೆಲ್ಲ ವಾಂತಿಯಾಯಿತು. ಆಗ ಭಾವನೇ ಕಾರು ಮಾಡಿಕೊಂಡು ಬೆಂಗಳೂರಿಗೆ ಓಡಿದ. ಹೊಟ್ಟೆ ಕೊಯ್ದು ನೋಡಿದ ಡಾಕ್ಟರು, ಕೆಟ್ಟ ಗಂಟು ಲಿವರಿಗೂ ಹರಡಿದೆ ಎಂದು ಹಾಗೇ ಹೊಲಿದರು. "ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಕೇಳಿದರು.

"ನಮಗೆಲ್ಲಿ ಗೊತ್ತಾಗ್ಬೇಕು ಸಾರ್? ಯಾರೂ ಹೇಳ್ಲೇ ಇಲ್ಲ," ಎಂದ ಭಾವ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ.

"ನಾನು ಹೇಳಿದ್ದೆ," ಎಂದೆ. ಡಾಕ್ಟರು ನಮ್ಮಿಬ್ಬರ ಮುಖವನ್ನೂ ನೋಡಿದರು. "ನೀವು ಅವರ ಒಡಹುಟ್ಟಿದವರಾ? ಹಾಗಾದ್ರೆ ನೀವೂ ಪರೀಕ್ಷೆ ಮಾಡಿಸ್ಕೊಳ್ಳಿ," ಎಂದು ಹೊರಟುಹೋದರು.

ರಾಗಿ ಕೊಯ್ಲಿಗೆ ಮುಂಚೆ ಅಕ್ಕ ತೀರಿಕೊಂಡಳು. ತಿಥಿಗೆ ಬಂದವರೆಲ್ಲ ಹಣೆಬರಹ ಎಂದರು. ಭಾವನೂ ಅದನ್ನೇ ಹೇಳುತ್ತಿದ್ದ.

ಮುಂದಿನ ರಜೆಯಲ್ಲಿ ನಾನೊಬ್ಬಳೇ ಬೆಂಗಳೂರಿಗೆ ಹೋಗಿ ಕೊಳವೆ ಹಾಕಿಸಿಕೊಂಡೆ. ನೋಡಿದ್ದು ಗಂಡಸು ಡಾಕ್ಟರೇ. ಮುಜುಗರವಾಯಿತು, ಸ್ವಲ್ಪ ನೋವಾಯಿತು, ಮುಗಿಯಿತು. ಏನೂ ಇಲ್ಲ ಎಂದರು. ಸಮಾಧಾನವಾಗಬೇಕಿತ್ತು. ಸೀರೆ ಸರಿಮಾಡಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಾಗ, ಇಷ್ಟಕ್ಕೇನಾ ಅಕ್ಕ ಸತ್ತದ್ದು ಎಂದು ಸಿಟ್ಟು ಉಕ್ಕಿತು.