ಜಾಫರಸಾಬರ ಜೇಡ

ಬೆಳಗ್ಗೆ ಎಂಟಕ್ಕೆ ಜಾಫರಸಾಬರು ಕೊಡದಿಂದ ಒಂದು ಚೊಂಬು ನೀರು ಮೊಗೆದು, ಹೊಸದಾಗಿ ಸೀಳಿದ ಗ್ರಾನೈಟ್ ಬಂಡೆಯ ಮೇಲೆ ಸುರಿದರು. ಧೂಳು ಹಿಡಿದ ಕಲ್ಲು ತೊಯ್ದ ಮೇಲೆಯೇ ತನ್ನ ಕೆಂಪು ತೋರಿಸುವುದು. ಇಳಕಲ್ಲಿನ ಹೊರಗಿನ ಆ ಕ್ವಾರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಲ್ಲು ಆರಿಸುವುದೇ ಅವರ ಕೆಲಸ. ನೀರು ಹಾಕಿ ಅವರು ಹೇಳಿದ ಬಣ್ಣವೇ ಬಣ್ಣ. ಆದರೆ 2003ರ ಆ ಮಂಗಳವಾರ ಅವರ ತಲೆಯಲ್ಲಿದ್ದದ್ದು ಮನೆಯ ಗಾಜಿನ ಭರಣಿಯೊಳಗಿನ ಜೇಡ.

ಅಂಗೈಯಗಲದ, ಮೈತುಂಬ ರೋಮವಿದ್ದ ಆ ಜೇಡ ವಾರದ ಹಿಂದೆ ಬಂಡೆಯ ಕೆಳಗೆ ಸಿಕ್ಕಿತ್ತು. ಹುಡುಗರು ಸಲಿಕೆ ಎತ್ತಿದಾಗ ಜಾಫರಸಾಬರು ಅಡ್ಡ ಬಂದು, ಊಟದ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದಿದ್ದರು. ದಿನಾ ಒಂದು ಜಿರಲೆ ಹಿಡಿದು ಹಾಕುತ್ತಿದ್ದರು. ಹೆಂಡತಿ ಲಾಡಬಿ ನಾಲ್ಕು ದಿನ ತಾಳಿಕೊಂಡು ಐದನೆಯ ದಿನ ಮಗಳ ಮಾತು ತೆಗೆದರು.

"ರವಿವಾರ ಕಲಾದಗಿಯಿಂದ ಖುಶನುಮಾ ಬರ್ತಾಳ. ಮೊಮ್ಮಗಳು ಅಂಬೆಗಾಲಿಡಾಕ ಹತ್ಯಾಳ. ಇದು ಯಾವ ಜಾತಿದು, ಕಡದ್ರ ಜೀವ ಹೋಗತೈತೋ ಏನೋ, ಖರೆ ತಿಳಕೊಂಡ ಬರ್ರಿ. ಇಲ್ಲಂದ್ರ ಭರಣಿ ಸಮೇತ ಒಗಿತೇನಿ."

"ನಿನಗೇನ ಮಾಡೇತಿ ಅದು?"

"ಮಾಡಿದ ಮ್ಯಾಲ ಕೇಳಾಕ ನಾ ಇರಬೇಕಲ್ರಿ!"

ಬಾಗಲಕೋಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶಿವಪುತ್ರ ಇವರದೇ ಓಣಿಯವರು. ಆ ಮಂಗಳವಾರ ಮಧ್ಯಾಹ್ನ ಜಾಫರಸಾಬರು ಎಸ್‌ಟಿಡಿ ಬೂತಿನಿಂದ ಅವರಿಗೆ ಫೋನ್ ಮಾಡಿದರು. "ಮೈಬಣ್ಣ, ಪಟ್ಟಿ ಎಲ್ಲಾ ಸರಿಯಾಗಿ ನೋಡಿ ಹೇಳ್ರಿ" ಎಂದರು ಶಿವಪುತ್ರ.

ಬಣ್ಣ ನೋಡುವುದನ್ನು ಜಾಫರಸಾಬರಿಗೆ ಯಾರೂ ಕಲಿಸಬೇಕಿರಲಿಲ್ಲ. ಅಂದು ಸಂಜೆ ಭರಣಿಯ ಮುಚ್ಚಳ ತೆಗೆದು ಅರ್ಧ ಲೋಟ ನೀರನ್ನು ಜೇಡದ ಬೆನ್ನ ಮೇಲೆ ಸುರಿದರು. ಅದು ಮುಂಗಾಲೆತ್ತಿ ಬುಸ್ ಎಂದಿತು. ಬಣ್ಣವೇನೂ ಏರಲಿಲ್ಲ. ರೋಮ ಮೈಗಂಟಿ ಜೇಡ ಚಿಕ್ಕದಾಯಿತು, ಅಷ್ಟೇ.

ಬುಧವಾರ ಬೆಳಗ್ಗೆ ನೋಡಿದರೆ ಜೇಡ ಅಂಗಾತ ಬಿದ್ದಿತ್ತು. ಭರಣಿ ತಟ್ಟಿದರೂ ಅಲುಗಲಿಲ್ಲ.

"ನಾನ ಕೊಂದೆ. ಅದೇನ ಕಲ್ಲಾ, ನೀರ ಹಾಕಾಕ?" ಎಂದರು ಜಾಫರಸಾಬರು. ಚಹಾ ಕುಡಿಯಲಿಲ್ಲ. ಸಂಜೆ ಬಂದು ತಾವೇ ಮಣ್ಣು ಮಾಡುವುದಾಗಿ ಹೇಳಿ ಕ್ವಾರಿಗೆ ಹೋದರು. ಅವತ್ತು ಒಳ್ಳೆಯ ಕಲ್ಲೊಂದನ್ನು ಬೇಡವೆಂದು ಬದಿಗಿಡಿಸಿ, ಆಮೇಲೆ ಮತ್ತೆ ತರಿಸಿದರು.

ಸಂಜೆ ಲಾಡಬಿ ಬಾಗಿಲಲ್ಲೇ ನಿಂತಿದ್ದರು.

"ಒಂದು ಒಗಿರಿ ಅಂದ್ರ ಎರಡ ಮಾಡಿಟ್ಟೀರಿ!"

ಭರಣಿಯಲ್ಲಿ ನಿಜಕ್ಕೂ ಎರಡು ಜೇಡಗಳಿದ್ದವು. ಒಂದು, ಆಸರೆಗೆಂದು ಒಳಗಿಟ್ಟಿದ್ದ ಹೆಂಚಿನ ಚೂರಿನ ಪಕ್ಕ ಹೊಸ ಕಂಬಳಿ ಹೊದ್ದಂತೆ ಕೂತಿತ್ತು. ಇನ್ನೊಂದನ್ನು ಜಾಫರಸಾಬರು ಕಡ್ಡಿಯಿಂದ ಎತ್ತಿದರು. ತೂಕವೇ ಇರಲಿಲ್ಲ. ಅದು ಬರೀ ಪೊರೆ. ಕಾಲು, ಕೋರೆಹಲ್ಲು, ರೋಮ ಎಲ್ಲ ಇದ್ದಂತೆಯೇ ಇದ್ದವು.

ಗುರುವಾರ ರಜೆ ಹಾಕಿ, ಪೊರೆಯನ್ನು ಮಿಠಾಯಿ ಪೆಟ್ಟಿಗೆಯ ಅರಳೆಯಲ್ಲಿಟ್ಟುಕೊಂಡು ಬಾಗಲಕೋಟೆಯ ಬಸ್ಸು ಹತ್ತಿದರು. ಶಿವಪುತ್ರ ಅದನ್ನು ನೀರಲ್ಲಿ ಮೆತ್ತಗೆ ಮಾಡಿ, ಚಿಮುಟದಿಂದ ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಜಾಫರಸಾಬರು ನೀರು ಹಾಕಿದ್ದನ್ನೂ ಮುಚ್ಚಿಡದೆ ಹೇಳಿದರು.

ಶಿವಪುತ್ರ ನಕ್ಕರು. "ನೀರಿಂದ ಏನೂ ಆಗಿಲ್ರಿ. ಅದು ಪೊರಿ ಬಿಡಾಕ ಅದಕ್ಕಿಂತ ಮೊದಲ ತಯಾರ ಆಗಿತ್ತು. ಇವು ಅಂಗಾತ ಮಲಗೇ ಪೊರಿ ಕಳಚತಾವು. ಬರ್ರಿ, ಇಲ್ಲಿ ನೋಡ್ರಿ."

ದವಡೆಯ ಬದಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಮುಳ್ಳುಗಳ ಸಾಲು ಕಂಡಿತು. ಬುಸ್ ಎನ್ನುವ ಸದ್ದು ಬರುವುದು ಅವುಗಳ ತಿಕ್ಕಾಟದಿಂದ.

"ಇದು ಟರಾಂಟುಲಾ. ಕೈಲೋಬ್ರಾಕಿಸ್ ಅನ್ನೋ ಕುಲದ್ದು, ಮಣ್ಣಾಗ ಬಿಲ ತೋಡೋದು. ಅದರಾಗ ಖಾಸ್ ಯಾವ ಜಾತಿ ಅನ್ನೋದನ್ನ ಪುಣೆದ ಜೇಡ ತಜ್ಞರ ಹೇಳಬೇಕು. ಇದನ್ನ ಅಲ್ಲಿಗೆ ಕಳಸ್ತೇನಿ."

"ಕಡದ್ರ, ಸರ?"

"ಉರಿತೈತಿ, ಬಾವು ಬರತೈತಿ. ದವಾಖಾನಿಗೆ ಹೋಗಬೇಕಾಗತೈತಿ. ಈ ಕುಲದ್ದು ಕಡದು ಯಾರೂ ಸತ್ತದ್ದು ನಾ ಕೇಳಿಲ್ಲ. ಆದ್ರೂ ಕೂಸಿನ ಕೈಗೆ ಸಿಗಬಾರದು."

ಜಾಫರಸಾಬರು ಅಷ್ಟನ್ನೂ ಒಂದು ಚೀಟಿಯ ಮೇಲೆ ಬರೆಸಿಕೊಂಡರು. ಹುನಗುಂದ ದಾಟುವವರೆಗೂ ಬಸ್ಸಿನಲ್ಲಿ ಗಾಢ ನಿದ್ದೆ ಹೊಡೆದರು. ವಾರದಿಂದ ಅಂಥ ನಿದ್ದೆ ಬಿದ್ದಿರಲಿಲ್ಲ.

ಲಾಡಬಿ ಚೀಟಿಯನ್ನು ಎರಡು ಸಲ ಓದಿಸಿ ಕೇಳಿದರು.

"ಹಂಗಾರ ಇರ್ಲಿ. ಆದ್ರ ಕೀಲಿ ಹಾಕೋ ಪೆಟಗಿ ಬೇಕು."

ಶನಿವಾರ ಬಡಗಿ ಗಾಜಿನ ಮುಖದ ಪೆಟ್ಟಿಗೆ ಮಾಡಿಕೊಟ್ಟ. ಭಾನುವಾರ ಖುಶನುಮಾ ಮಗಳೊಂದಿಗೆ ಬಂದಾಗ ಅದು ಅಟ್ಟದ ಮೇಲಿತ್ತು. ಕೀಲಿ ಲಾಡಬಿಯ ಸೆರಗಿನ ಗಂಟಿನಲ್ಲಿತ್ತು.