ನಲವತ್ತಾರನೆಯ ಪುಟದ ಎಡಗೈ

ನಲವತ್ತೇಳನೆಯ ಪುಟದಲ್ಲಿ ಹದಿಮೂರು ಜನ ಬಾಳೆ ಎಲೆಯ ಮುಂದೆ ಪಂಕ್ತಿಯಲ್ಲಿ ಕುಳಿತಿದ್ದರು. ಹನ್ನೆರಡು ಜನ ಎಡಗೈಯಲ್ಲಿ ಉಣ್ಣುತ್ತಿದ್ದರು. ಒಬ್ಬಳು ಮಾತ್ರ ಬಲಗೈಯಲ್ಲಿ.

ಲಂಡನ್ನಿನ ಒಂದು ಸ್ವತಂತ್ರ ಕಾಮಿಕ್ಸ್ ಪ್ರಕಾಶನದ ಸಿಡ್ನಿ ಕಚೇರಿಯಲ್ಲಿ ನಾನು ಪ್ರೊಡಕ್ಷನ್ ಎಡಿಟರ್. ಆಗ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಕಚೇರಿ ಎಂದರೆ ಪ್ಯಾರಮಟ್ಟಾದಲ್ಲಿ ಒಂದು ಕೋಣೆ, ಮೂರು ಮೇಜು. ವೆಸ್ಟ್‌ಮೀಡ್‌ನ ನನ್ನ ಬಾಡಿಗೆ ಫ್ಲ್ಯಾಟ್‌ನಿಂದ ಒಂದೇ ಸ್ಟೇಷನ್ ದೂರ. ಪುಸ್ತಕಗಳ ಆಯ್ಕೆ, ವಿನ್ಯಾಸ ಎಲ್ಲವೂ ಲಂಡನ್ನಿನಲ್ಲಿ ನಡೆಯುತ್ತಿತ್ತು. ಆಸ್ಟ್ರೇಲಿಯಾದ ಕಲಾವಿದರ ಪುಸ್ತಕಗಳು ಮಾತ್ರ ಮೆಲ್ಬರ್ನ್‌ನಲ್ಲಿ ಅಚ್ಚಾಗುತ್ತಿದ್ದವು. ಕಲಾವಿದರಿಂದ ಮೂಲ ಚಿತ್ರಗಳನ್ನು ತಂದು ಸ್ಕ್ಯಾನ್ ಮಾಡುವುದು, ಪ್ರೂಫ್ ಪರೀಕ್ಷಿಸುವುದು, ಕೊನೆಗೆ ಅಚ್ಚಿಗೆ ಬಿಡುವ ಫಾರ್ಮ್‌ಗೆ ಸಹಿ ಹಾಕುವುದು ನನ್ನ ಕೆಲಸ. ಆ ಸಹಿ ಇಲ್ಲದೆ ಮುದ್ರಣಾಲಯದವರು ಯಂತ್ರ ತಿರುಗಿಸುವುದಿಲ್ಲ.

ಈ ಪುಸ್ತಕ ಸುಮಿತ್ರಾ ಆಂಟಿಯದು. ಧಾರವಾಡದವರು. ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿದ್ದು, ಮಕ್ಕಳ ಚೈಲ್ಡ್‌ಕೇರ್‌ನಲ್ಲಿ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಅಡುಗೆಮನೆಯ ಮೇಜಿನ ಮೇಲೆ ಬ್ರಷ್ಷು, ಕಪ್ಪು ಇಂಕು ಹಿಡಿದು ನಾಲ್ಕು ವರ್ಷ ಬರೆದ ನೂರಾಹನ್ನೊಂದು ಪುಟ. ಅದು ಅವರ ಮೊದಲ ಪುಸ್ತಕ, ಅವರ ಅವ್ವನ ಕಥೆ. ಅವ್ವ ಹುಟ್ಟು ಎಡಚಿ. ಚಿಕ್ಕಂದಿನಲ್ಲಿ ಊಟಕ್ಕೆ ಕೂರಿಸುವಾಗ ಆಕೆಯ ಎಡಗೈಯನ್ನು ಹಳೆ ಬಟ್ಟೆಯಿಂದ ಸೊಂಟಕ್ಕೆ ಕಟ್ಟುತ್ತಿದ್ದರಂತೆ. ಎಪ್ಪತ್ತು ವರ್ಷ ಬಲಗೈಯಲ್ಲೇ ಉಂಡ ಆಕೆ ಮೊಮ್ಮಗಳ ಮದುವೆಯ ಪಂಕ್ತಿಯಲ್ಲಿ, ಎಲ್ಲ ಬೀಗರ ನಡುವೆ, ಎಡಗೈಯಿಂದ ಅನ್ನ ಕಲಸಿ ಬಾಯಿಗಿಡುತ್ತಾಳೆ. ಇಡೀ ಪುಸ್ತಕ ಆ ಪುಟಕ್ಕಾಗಿ ಇದೆ. ಆ ಪುಟದಲ್ಲಿ ಒಂದೂ ಅಕ್ಷರ ಇಲ್ಲ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಇದೊಂದು ಪುಟವನ್ನು ಯಾರ ಸಹಾಯವೂ ಇಲ್ಲದೆ ಆಕೆ ಓದಲಿ ಎಂದು ಆಂಟಿ ಹಾಗೆ ಬರೆದಿದ್ದರು.

ಮೂಲ ಚಿತ್ರಗಳನ್ನು ತರಲು ನಾನು ಟಾರ್ನೀಟ್‌ಗೆ ಹೋದ ದಿನ ಅವ್ವ ಮೇಜಿನ ಎದುರು ಕುಳಿತು ಜೋಳದ ರೊಟ್ಟಿ ತಿನ್ನುತ್ತಿದ್ದರು, ಎಡಗೈಯಲ್ಲಿ. ನನ್ನ ಕಣ್ಣು ಆ ಕೈಯ ಮೇಲೆ ಒಂದು ಕ್ಷಣ ಹೆಚ್ಚು ನಿಂತಿರಬೇಕು.

"ಏನ್ ನೋಡ್ತೀ ತಂಗಿ? ಈ ಕೈ ಎಪ್ಪತ್ತು ವರ್ಷ ಉಪಾಸ ಇತ್ತು. ಈಗ ಉಣ್ಣಾಕ ಹತ್ತೈತಿ. ಉಣ್ಣಲಿ ಬಿಡು" ಎಂದರು.

"ಅವ್ವಾ, ಬಂದವರನ್ನ ಹೆದರಸಬ್ಯಾಡ" ಎಂದು ಆಂಟಿ ನಕ್ಕರು.

"ಹೆದರೂದೇನೈತಿ? ನಾ ಏನ್ ಅಕಿ ರೊಟ್ಟಿ ಕಸಗೊಂಡೆನೇನು?"

ಇಷ್ಟನ್ನೂ ಕಣ್ಣಾರೆ ಕಂಡವಳು ನಾನು. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ಮೊದಲ ಪ್ರೂಫ್ ಸರಿಯಾಗಿತ್ತು. ಪಂಕ್ತಿಯ ಚಿತ್ರ ನಲವತ್ತಾರನೆಯ ಪುಟದಲ್ಲಿ, ಪುಸ್ತಕ ಬಿಚ್ಚಿದಾಗ ಎಡಬದಿಗೆ ಬರುತ್ತಿತ್ತು. ಕುಳಿತವರ ಮುಖ ಬಲಕ್ಕೆ, ಅಂದರೆ ಪುಸ್ತಕದ ಒಳಗಿನ ಮಡಿಕೆಯ ಕಡೆಗೆ. ಆಂಟಿ ಅದನ್ನು ನೋಡಿ ಒಪ್ಪಿಗೆ ಕೊಟ್ಟರು. ಎರಡನೆಯ ಪ್ರೂಫ್ ಜೊತೆ ಲಂಡನ್ನಿನಿಂದ ಒಂದು ಟಿಪ್ಪಣಿ ಬಂತು: ಆರಂಭದಲ್ಲಿ ಕೃತಜ್ಞತೆಯ ಒಂದು ಪುಟ ಸೇರಿಸಿದ್ದೇವೆ, ಅದರ ಮಾತುಗಳು ಆಮೇಲೆ ಬರುತ್ತವೆ, ಕೊನೆಯ ಖಾಲಿ ಪುಟ ತೆಗೆದಿದ್ದೇವೆ, ಚಿತ್ರಗಳಲ್ಲಿ ಬದಲಾವಣೆ ಇಲ್ಲ. ಚಿತ್ರ ಬದಲಾಗಿಲ್ಲವೆಂದ ಮೇಲೆ ಕಲಾವಿದೆಗೆ ಮತ್ತೆ ಕಳಿಸುವುದು ಬೇಡವೆಂದೂ ಅದರಲ್ಲಿತ್ತು. ನಾನು ಅದನ್ನು ನಂಬಿದೆ. ಅಕ್ಷರಗಳಿರುವ ಪುಟಗಳನ್ನು ಒಂದೊಂದಾಗಿ ಓದಿದೆ. ಅಕ್ಷರವಿಲ್ಲದ ಪುಟ ಬಂದಾಗ ತಿರುವಿ ಮುಂದೆ ಹೋದೆ. ಪರೀಕ್ಷಾ ಪಟ್ಟಿಯಲ್ಲಿ 'ಚಿತ್ರ ಮೂಲದಂತಿದೆ' ಎಂಬ ಸಾಲಿನ ಎದುರು ಸರಿ ಗುರುತು ಹಾಕಿ, ಪ್ರೂಫ್‌ಗೆ ಸಹಿ ಮಾಡಿದೆ. ಮೂಲ ಚಿತ್ರಗಳ ಸ್ಕ್ಯಾನ್ ನನ್ನದೇ ಕಂಪ್ಯೂಟರ್‌ನಲ್ಲಿತ್ತು. ತೆರೆದು ನೋಡಲಿಲ್ಲ.

ಜುಲೈನ ಒಂದು ಗುರುವಾರ ಮಧ್ಯಾಹ್ನ ಆಂಟಿಯ ಫೋನ್ ಬಂತು. ಮುಖ್ಯ ಮುದ್ರಣಕ್ಕೆ ಮುನ್ನ ಮೆಲ್ಬರ್ನ್‌ನ ಮುದ್ರಣಾಲಯ ಐದು ಮಾದರಿ ಪ್ರತಿ ಮಾಡಿತ್ತು. ಎರಡು ಅವರಿಗೆ, ಒಂದು ನನಗೆ ಅದೇ ದಿನ ತಲುಪಿದ್ದವು. ನನ್ನದರ ಕವರ್ ಇನ್ನೂ ಒಡೆದಿರಲಿಲ್ಲ.

"ತಂಗಿ, ನಲವತ್ತೇಳನೇ ಪುಟ ತಗಿ" ಎಂದರು. ಒಂದು ನಮಸ್ಕಾರವೂ ಇಲ್ಲ.

ಕವರ್ ಒಡೆದು, ಪುಟ ತಿರುವಿ, "ತೆಗೆದೆ ಆಂಟಿ" ಎಂದೆ.

"ಕೈ ಎಣಿಸು."

ಎಣಿಸಿದೆ. ಹನ್ನೆರಡು ಎಡಗೈ, ಒಂದು ಬಲಗೈ. ಎಡಕ್ಕಿರಬೇಕಾದ ಎಲೆಗಳ ತುದಿಯೂ ಉಣ್ಣುವವರ ಬಲಕ್ಕೆ ತಿರುಗಿತ್ತು.

"ಎಲ್ಲಾರೂ ಎಡಚರಾಗ್ಯಾರ. ಅವ್ವ ಒಬ್ಬಾಕಿ ಶಾಣ್ಯಾ ಆಗ್ಯಾಳ. ಅಕಿ ಅಪ್ಪ, ಸಾಲಿ ಮಾಸ್ತರ, ಅತ್ತಿ, ಅಷ್ಟೂ ಮಂದಿ ಸೇರಿ ಎಪ್ಪತ್ತು ವರ್ಷ ಅಕಿ ಕೈ ಕಟ್ಟಿದ್ರು. ಒಂದ ಪುಟದಾಗ ಬಿಚ್ಚಿದ್ದೆ ನಾನು. ನೀವು ಮತ್ತ ಕಟ್ಟಿದ್ರಿ."

"ಆಂಟಿ, ಯಾರು ಮಾಡಿದ್ದು ಅಂತ ಈಗಲೇ ನೋಡ್ತೀನಿ."

"ನೀ ನೋಡಿದ್ದಿಲ್ಲೇನು?"

"ನೋಡಬೇಕಿತ್ತು. ನೋಡಿಲ್ಲ."

"ಅವ್ವ ಮುಂಜಾನಿಂದ ಕೇಳಾಕ ಹತ್ಯಾಳ, ಪುಸ್ತಕ ಬಂತೇನು ಅಂತ. ಬಂದಿಲ್ಲ ಅಂದೀನಿ. ಅರಿಬಿ ಕಪಾಟಿನ್ಯಾಗ ಮುಚ್ಚಿಟ್ಟೀನಿ. ನಮ್ಮ ಮನ್ಯಾಗ ಅಕಿಗೆ ಸುಳ್ಳ ಹೇಳೂ ಹಂಗಾತು" ಎಂದು ಫೋನ್ ಇಟ್ಟರು.

ನಮ್ಮ ಕಸುಬಿನಲ್ಲಿ ಇದಕ್ಕೆ ಫ್ಲಾಪ್ ಮಾಡುವುದು ಎನ್ನುತ್ತಾರೆ. ಕನ್ನಡಿಯಲ್ಲಿ ಕಂಡಂತೆ ಚಿತ್ರದ ಎಡಬಲ ಅದಲುಬದಲು ಮಾಡುವುದು. ಕಂಪ್ಯೂಟರ್‌ನಲ್ಲಿ ಒಂದು ಕ್ಲಿಕ್ಕಿನ ಕೆಲಸ. ಚಿತ್ರದಲ್ಲಿರುವವರು ಪುಸ್ತಕದ ಒಳಗೆ ನೋಡುತ್ತಿರಬೇಕು, ಹೊರಗೆ ನೋಡಬಾರದು ಎಂಬುದು ವಿನ್ಯಾಸಕಾರರ ರೂಢಿ. ಮುಂದೆ ಒಂದು ಪುಟ ಸೇರಿದ್ದರಿಂದ ಇಡೀ ಪುಸ್ತಕ ಒಂದು ಪುಟ ಸರಿದು, ನಲವತ್ತಾರು ನಲವತ್ತೇಳಾಯಿತು, ಎಡಬದಿಯಲ್ಲಿದ್ದದ್ದು ಬಲಬದಿಗೆ ಬಂತು. ಬಲಕ್ಕೆ ಮುಖ ಮಾಡಿದ್ದ ಪಂಕ್ತಿ ಈಗ ಪುಸ್ತಕದ ಹೊರಗೆ ನೋಡುತ್ತಿತ್ತು. ಅದನ್ನು ಫ್ಲಾಪ್ ಮಾಡಿದ್ದರು. ಅಕ್ಷರವಿದ್ದಿದ್ದರೆ ಅದು ಉಲ್ಟಾ ಆಗಿ ತಕ್ಷಣ ಗೊತ್ತಾಗುತ್ತಿತ್ತು. ಮಾತಿಲ್ಲದ ಪುಟವಾದ್ದರಿಂದ ಅದು ಸುಮ್ಮನೆ ತಿರುಗಿಸಿಕೊಂಡಿತು.

ಸಂಜೆ ಆರಕ್ಕೆ ಲಂಡನ್ನಿನಲ್ಲಿ ಬೆಳಿಗ್ಗೆ ಒಂಬತ್ತು. ಆರ್ಟ್ ಡೈರೆಕ್ಟರ್ ಆಲಿಸ್ಟರ್ ಫೋನ್ ಎತ್ತಿಕೊಂಡರು. ಸಂದರ್ಶನಗಳಲ್ಲೆಲ್ಲ 'ನಮ್ಮಲ್ಲಿ ಕಲಾವಿದರೇ ಮೊದಲು' ಎಂದು ಹೇಳುವವರು ಅವರೇ. ಇಂಗ್ಲಿಷಿನಲ್ಲಿ ನಡೆದ ಮಾತನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಹೌದು, ನಾನೇ ತಿರುಗಿಸಿದ್ದು. ಈಗ ಎಷ್ಟು ಚೆನ್ನಾಗಿ ಕೂತಿದೆ ನೋಡು."

"ಕೈ ಬದಲಾಗಿದೆ."

"ಯಾರ ಕೈ?"

"ಎಲ್ಲರದ್ದೂ. ಪುಸ್ತಕ ಇರುವುದೇ ಆ ಕೈಯ ಬಗ್ಗೆ, ಆಲಿಸ್ಟರ್."

ಆ ಕಡೆ ಚಮಚ ಕಪ್ಪಿಗೆ ತಗಲುವ ಸದ್ದು ಕೇಳಿತು. "ಓ, ಹೌದಲ್ಲ" ಎಂದರು. "ಆದರೂ ಓದುವವರು ಯಾರೂ ಕೈ ಎಣಿಸುತ್ತ ಕೂರುವುದಿಲ್ಲ. ಆ ಮುದುಕಿಯ ಮುಖ ಸಾಕು. ಮರುಮುದ್ರಣವಾದರೆ ಸರಿ ಮಾಡೋಣ. ನಾಳೆ ಹನ್ನೊಂದಕ್ಕೆ ಅಚ್ಚಿಗೆ ಬಿಟ್ಟುಬಿಡು."

"ಕಲಾವಿದೆಗೆ ಏನು ಹೇಳಲಿ?"

"ನೀನೇ ನೋಡಿ ಒಪ್ಪಿದ್ದೀಯ ಅಂತ ಹೇಳು. ನಿನ್ನ ಮಾತು ಕೇಳುತ್ತಾರೆ, ನೀನು ಅವರ ಕಡೆಯವಳು. ಅದಕ್ಕೇ ತಾನೇ ನಿನ್ನ ಹೆಸರು ಹಾಕಿರುವುದು? ಐದನೆಯ ಪುಟ ನೋಡು. ಸರ್‌ಪ್ರೈಸ್ ಆಗಲಿ ಅಂತ ಹೇಳಿರಲಿಲ್ಲ."

ಐದನೆಯ ಪುಟ ತೆರೆದೆ. ಕೃತಜ್ಞತೆಯ ಮೂರು ಸಾಲುಗಳ ಕೆಳಗೆ 'ಸಾಂಸ್ಕೃತಿಕ ಸಲಹೆ' ಎಂದಿತ್ತು. ಅದರ ಎದುರು ನನ್ನ ಪೂರ್ತಿ ಹೆಸರು.

ಯಾರೂ ನನ್ನ ಸಲಹೆ ಕೇಳಿರಲಿಲ್ಲ. ಕೇಳಿದ್ದರೆ ಊಟದ ಕೈ ಯಾವುದೆಂದು ಹೇಳಲು ಒಂದು ನಿಮಿಷ ಸಾಕಿತ್ತು. ಕೇಳದೆ ಬದಲಾಯಿಸಿ, ಬದಲಾವಣೆ ಇಲ್ಲ ಎಂದು ಬರೆದು, ಕಲಾವಿದೆಗೆ ತೋರಿಸದೆ ಮುಚ್ಚಿ, ಪ್ರಶ್ನೆ ಬಂದಾಗ ಎದುರಿಗಿಡಲು ಒಂದು ಕನ್ನಡದ ಹೆಸರನ್ನು ಮೊದಲೇ ಅಚ್ಚು ಹಾಕಿಟ್ಟಿದ್ದರು. ಮೊದಲ ಮೂರನ್ನು ಅಜಾಗರೂಕತೆ ಎಂದು ಬೇಕಾದರೆ ಬಿಡಬಹುದು. ನಾಲ್ಕನೆಯದಕ್ಕೆ ಆ ಮಾತು ಹೊಂದುವುದಿಲ್ಲ. ಇನ್ನೂ ಒಂದು ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಸೇರಿಸಿದ ಪುಟ ಇದೇ. ನನ್ನ ಹೆಸರನ್ನು ಹೊತ್ತ ಈ ಪುಟ ಒಳಗೆ ಬಂದದ್ದರಿಂದಲೇ ಪುಸ್ತಕ ಸರಿದದ್ದು, ಅವ್ವನ ಕೈ ತಿರುಗಿದ್ದು.

"ನಾನು ಒಪ್ಪಿದ್ದೇನೆ ಅಂತ ಹೇಳಲಾರೆ" ಎಂದೆ.

"ಪ್ರೂಫ್‌ನಲ್ಲಿ ನಿನ್ನ ಸಹಿ ಇದೆ." ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೋಪ ನುಂಗಿಕೊಂಡು ಸರಿ ಎಂದು ಫೋನ್ ಇಟ್ಟು, ಮೂಲ ಸ್ಕ್ಯಾನ್‌ಗಳನ್ನು ಒಂದು ಪರದೆಯಲ್ಲೂ ಅಚ್ಚಿಗೆ ಹೋಗಬೇಕಿದ್ದ ಫೈಲನ್ನು ಇನ್ನೊಂದು ಪರದೆಯಲ್ಲೂ ತೆರೆದೆ. ನೂರಾಹನ್ನೊಂದು ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮುಖ, ಕೈ, ಎಲೆ, ಬಾಗಿಲು. ಮೊದಲೇ ಮಾಡಬೇಕಿದ್ದ ಈ ಕೆಲಸಕ್ಕೆ ಎರಡು ಗಂಟೆಯೂ ಹಿಡಿಯಲಿಲ್ಲ. ಅವರ ಮೇಲಿದ್ದಷ್ಟೇ ಕೋಪ ಆಗ ನನ್ನ ಮೇಲೂ ಬಂತು, ಮತ್ತು ಅದು ನ್ಯಾಯವಾದದ್ದೇ. ಟಾರ್ನೀಟ್‌ನ ಮೇಜಿನಲ್ಲಿ ಆ ಕೈಯನ್ನು ಅಷ್ಟು ಹೊತ್ತು ನೋಡಿದ್ದ ನಾನು, ಕಾಗದದ ಮೇಲೆ ನೋಡಿರಲಿಲ್ಲ. ಉಳಿದ ಪುಟಗಳೆಲ್ಲ ಸರಿಯಾಗಿದ್ದವು. ತಿರುಗಿದ್ದು ಅದೊಂದೇ.

ಆಗ ನನಗಿನ್ನೂ ಪಿಆರ್, ಅಂದರೆ ಇಲ್ಲಿ ಕಾಯಂ ಇರುವ ಅನುಮತಿ, ಬಂದಿರಲಿಲ್ಲ; ಕೆಲಸ ಹೋದರೆ ವೀಸಾವೂ ಹೋಗುತ್ತಿತ್ತು. ಗಿರಾವೀನ್‌ನಲ್ಲಿರುವ ಗೆಳತಿ ಒಬ್ಬಳಿಗೆ ಮಾತ್ರ ಫೋನ್ ಮಾಡಿದೆ. ಅವಳು, "ಒಂದು ಪೇಜ್‌ಗೋಸ್ಕರ ಜಾಬ್ ರಿಸ್ಕ್ ಮಾಡ್ತೀಯೇನೇ? ಯಾರದೋ ಅಜ್ಜಿ ಊಟ ಕಣೇ ಅದು" ಎಂದಳು. ರೊಟ್ಟಿ ತಿನ್ನುತ್ತ ಅವ್ವ ತಮ್ಮ ಕೈಯ ಬಗ್ಗೆ ಹೇಳಿದ್ದನ್ನು ಅವಳಿಗೆ ಹೇಳಿದೆ. ಆಮೇಲೆ, "ಬೆಳಿಗ್ಗೆ ಆರೂವರೆಗೆ ಮೆಲ್ಬರ್ನ್ ಫ್ಲೈಟ್ ಇರುತ್ತೆ, ಬುಕ್ ಮಾಡಲಾ?" ಎಂದಳು.

ಆಮೇಲೆ ನನಗಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಲಂಡನ್ನಿನಿಂದ ಒಂದು ಎಚ್ಚರಿಕೆಯ ಪತ್ರ ಬಂತು. ನನ್ನ ಕಡತದಲ್ಲಿ ಈಗಲೂ ಇದೆ. ಕೆಲಸ ಹೋಗಲಿಲ್ಲ. ಆಲಿಸ್ಟರ್ ಕೂಡ ಅಲ್ಲೇ ಇದ್ದಾರೆ, ಸಂದರ್ಶನಗಳಲ್ಲಿ ಅದೇ ಮಾತು ಹೇಳುತ್ತಾರೆ. ಚಿತ್ರದಲ್ಲಿ ಏನೇ ಬದಲಾದರೂ ಮೂಲವನ್ನು ಪಕ್ಕದಲ್ಲಿಟ್ಟು ಕಲಾವಿದರಿಗೆ ಕಳಿಸಬೇಕು ಎಂಬ ನಿಯಮ ಈಗ ನಮ್ಮ ಕಚೇರಿಯಲ್ಲಿದೆ. ಅದು ಯಾರ ಒಳ್ಳೆಯತನದಿಂದಲೂ ಬಂದದ್ದಲ್ಲ. ಹಾಗೆ ಮಾಡದೆ ನಾನು ಸಹಿ ಹಾಕುವುದಿಲ್ಲ, ಅಷ್ಟೇ. ಬದಲಾವಣೆ ಇಲ್ಲ ಎಂದು ಯಾರಾದರೂ ಬರೆದು ಕಳಿಸಿದರೆ ಮೊದಲು ತೆರೆಯಬೇಕಾದದ್ದು ಮೂಲವನ್ನು. ಈ ಕೆಲಸ ನನಗೆ ಕಲಿಸಿದ್ದು ಇದು. ಕಲಿತದ್ದು ಇನ್ನೊಬ್ಬರ ಅವ್ವನ ಕೈಯಿಂದ ಎಂಬ ನಾಚಿಕೆ ಹೋಗಿಲ್ಲ.

ಆ ಗುರುವಾರದ ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಮೆಲ್ಬರ್ನ್‌ನ ಪಶ್ಚಿಮದಲ್ಲಿರುವ ಆ ಮುದ್ರಣಾಲಯದಲ್ಲಿದ್ದೆ. ರಾತ್ರಿ ನಾನು ಕಳಿಸಿದ್ದ ಮೆಸೇಜ್ ನೋಡಿ ಆಂಟಿ ಆಗಲೇ ಬಂದು, ಚೈಲ್ಡ್‌ಕೇರ್‌ನ ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನಾನು ಐದನೆಯ ಪುಟವನ್ನು, ನನ್ನ ಹೆಸರಿನ ಸಮೇತ, ಫೈಲಿನಿಂದ ತೆಗೆದೆ. ಲಂಡನ್ನಿನವರು ತೆಗೆದಿದ್ದ ಕೊನೆಯ ಖಾಲಿ ಪುಟವನ್ನು ಮರಳಿ ಸೇರಿಸಿ, ಕೃತಜ್ಞತೆಯ ಮೂರು ಸಾಲುಗಳನ್ನು ಅದಕ್ಕೆ ಹಾಕಿದೆ. ಪುಸ್ತಕ ಒಂದು ಪುಟ ಹಿಂದೆ ಸರಿಯಿತು. ನಲವತ್ತಾರರಲ್ಲಿ ಮೂಲ ಸ್ಕ್ಯಾನ್ ಕೂರಿಸಿದೆ. ಬದಲಾವಣೆಯ ಫಾರ್ಮ್‌ನಲ್ಲಿ 'ಕಾರಣ' ಎಂಬ ಜಾಗದಲ್ಲಿ ಎರಡು ವಾಕ್ಯ ಬರೆದೆ: ಲಂಡನ್ನಿನ ಆರ್ಟ್ ಡೈರೆಕ್ಟರ್ ಕಲಾವಿದೆಯನ್ನು ಕೇಳದೆ ಪುಟ ತಿರುಗಿಸಿದರು. ನಾನು ಮೂಲಕ್ಕೆ ಹೋಲಿಸದೆ ಸಹಿ ಹಾಕಿದೆ. ಅದರ ಪ್ರತಿಯನ್ನು ಅಲ್ಲಿಂದಲೇ ಆಲಿಸ್ಟರ್‌ಗೆ ಕಳಿಸಿದೆ.

ಹೊಸ ಪ್ರೂಫ್ ಹಾಳೆ ಬಂತು. ಅದನ್ನು ಆಂಟಿಯ ಮುಂದೆ ಇಟ್ಟೆ. ಅವರು ಅದನ್ನು ನನ್ನ ಕಡೆಗೆ ಸರಿಸಿದರು.

"ನೀ ಎಣಿಸು. ನಾ ಎಣಿಸೂದಿಲ್ಲ."

ಪೆನ್ನಿನ ತುದಿಯನ್ನು ಒಂದೊಂದು ಕೈಯ ಮೇಲೂ ಇಟ್ಟು ಗಟ್ಟಿಯಾಗಿ ಎಣಿಸಿದೆ. ಹನ್ನೆರಡು ಬಲಗೈ. ಒಂದು ಎಡಗೈ. ಮತ್ತೊಮ್ಮೆ ಎಣಿಸಿದೆ. ಆಮೇಲೆ ಅಚ್ಚಿಗೆ ಬಿಡುವ ಫಾರ್ಮ್‌ಗೆ ಸಹಿ ಹಾಕಿ, ಹಾಳೆಯನ್ನು ಮಡಚದೆ ಸುತ್ತಿ, ಮನೆಯಲ್ಲಿ ಕಾಯುತ್ತಿದ್ದ ಅವ್ವನಿಗೆ ತೋರಿಸಲಿ ಎಂದು ಆಂಟಿಯ ಕೈಗೆ ಕೊಟ್ಟೆ.